ಹಲಗೆ ನೆಲದ ಪರೀಕ್ಷೆ

ಬುಗಿಸ್ ಜನರ ಕೇರಿಯಲ್ಲಿ, ಕಂಬಗಳ ಮೇಲೆ ಎತ್ತಿ ಕಟ್ಟಿದ ಮನೆಯೊಂದರಲ್ಲಿ, ಹಲಗೆ ನೆಲದ ಮೇಲೆ ಕೂತು ಆಡುತ್ತಿದ್ದ ಚೆನ್ನಿಂಗ್‌ಳ ಬೆನ್ನ ಹಿಂದೆ, ಕಿವಿ ಪರೀಕ್ಷಿಸಲು ಬಂದ ನರ್ಸಮ್ಮ ಪಾತ್ರೆ ಬೋರಲು ಹಾಕಿ ಸೌಟಿನಿಂದ ಬಡಿದಳು. ಎರಡು ವರ್ಷದ ಮಗು ತಟ್ಟನೆ ತಿರುಗಿತು.

"ನೋಡಿದ್ಯಾ? ಕಿವಿ ಚುರುಕಾಗೇ ಇದೆ," ಅಂದಳು ನರ್ಸಮ್ಮ, ಹೋದ ಸಲದ ಹಾಗೇ.

ಅತ್ತೆ ಸೊಸೆಯತ್ತ ನೋಡಿ ಮೂತಿ ತಿರುವಿದಳು. "ಮಗೂಗೆ ಏನಾದ್ರೂ ಕೊರತೆ ಹುಡುಕದಿದ್ರೆ ಇವಳಿಗೆ ತಿಂದ ಅನ್ನ ಅರಗಲ್ಲ."

ತಾಯಿ ತೆನ್ರಿಗೆ ಮೈಯೆಲ್ಲ ಉರಿದುಹೋಯಿತು. ಸೌಟಿನ ಏಟಿಗೆ ಹಲಗೆ ಅದುರಿದ್ದು ಅವಳ ಅಂಗಾಲಿಗೂ ತಾಗಿತ್ತು.

"ಅವಳು ತಿರುಗಿದ್ದು ಕಿವಿ ಕೇಳಿ ಅಲ್ಲ, ಕುಂಡೆಗೆ ತಾಗಿ!"

ಮಗುವನ್ನೆತ್ತಿ ತೊಲೆಗೆ ಕಟ್ಟಿದ ಸರೋಂಗ್ ಬಟ್ಟೆಯ ಜೋಲಿಯಲ್ಲಿ ಕೂರಿಸಿದಳು. ಸೌಟು ಕಿತ್ತುಕೊಂಡು, ಪಾತ್ರೆಯನ್ನು ಮಗುವಿನ ತಲೆಯ ಹಿಂದೆ ಎತ್ತಿಹಿಡಿದು, ಸಿಟ್ಟೆಲ್ಲ ತೀರುವಂತೆ ಬಡಿದಳು. ಮನೆಯಡಿಯ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಎದುರು ಮನೆಯ ಕೂಸು ಎದ್ದು ಕಿರುಚಿತು. ಚೆನ್ನಿಂಗ್ ತನ್ನ ಕಾಲ್ಬೆರಳು ಹಿಡಿದು ಆಡುತ್ತಲೇ ಇದ್ದಳು.

"ಮೊದಲೇ ಹೇಳಬಾರದಿತ್ತಾ?" ನರ್ಸಮ್ಮ ತೊದಲಿದಳು.

ತೆನ್ರಿ ಸೌಟನ್ನು ನೆಲಕ್ಕೆ ಬಿಸುಟಳು.

"ವರ್ಷದಿಂದ ಬಡ್ಕೋತಾ ಇದೀನಿ. ಅವಳಿಗೆ ಕೇಳ್ಸಲ್ಲ, ಸರಿ. ನಿಮಗಿಬ್ಬರಿಗೂ ಏನಾಗಿತ್ತು?"