ಧಣಿಗಳ ಅಂಡರ್‌ಗ್ರೌಂಡಿಗೆ ಬಂದ ನೀರು

ನೆಕ್ರಾಜೆಯ ಗುಡ್ಡೆಯ ಕೆಳಗೆ ನಮ್ಮ ಐದು ಮನೆಗಳು. ಮಾರ್ಚಿ ಬಂತೆಂದರೆ ಕೊಡಪಾನ ಹಿಡಿದು ರಸ್ತೆಯ ನಳ್ಳಿಗೆ ಹೋಗಬೇಕು. ನಳ್ಳಿ ಮೊದಲು ಕೆಮ್ಮುತ್ತದೆ. ಆಮೇಲೆ ನೀರು ಕೊಡಬೇಕೋ ಬೇಡವೋ ಎಂದು ಯೋಚಿಸುತ್ತದೆ. ಕಿನ್ನಿಯಕ್ಕ ಒಂದು ಕೊಡ ತುಂಬಿಸಿ ಮನೆ ಮುಟ್ಟುವಾಗ ಅವರ ಮೈಯಿಂದ ಅರ್ಧ ಕೊಡ ಬೆವರು ಹೋಗಿರುತ್ತದೆ. ಲಾಭ ಅರ್ಧ ಕೊಡ.

ಮೊದಲು ಹೀಗಿರಲಿಲ್ಲ. ಗುಡ್ಡೆಯ ಹೊಟ್ಟೆಯಲ್ಲಿ ಒಂದು ಸುರಂಗ ಇತ್ತು. ಕಿನ್ನಿಯಕ್ಕನ ಗಂಡ ಚೋಮಣ್ಣ ಪ್ರಾಯದಲ್ಲಿ ತನ್ನ ಅಪ್ಪನ ಜೊತೆ ಮೊಂಬತ್ತಿ ಬೆಳಕಿನಲ್ಲಿ ಮುರಕಲ್ಲು ಕೊರೆದು ಮಾಡಿದ್ದು. ಒಳಗಿನ ಒರತೆ ತಾನಾಗಿ ಹರಿದು ನಮ್ಮ ಟಾಂಕಿಗೆ ಬೀಳುತ್ತಿತ್ತು. ಪಂಪು ಬೇಡ, ಕರೆಂಟು ಬೇಡ. ಜಾಗ ಹಳೆಯ ಧಣಿಗಳದ್ದು. ತೋಡಿದವರಿಗೆ ನೀರು ಎಂದು ಅವರು ಬಾಯಿಮಾತಿನಲ್ಲಿ ಬಿಟ್ಟಿದ್ದರು.

ಆ ಜಾಗವನ್ನು ಹರಿನಾರಾಯಣ ಧಣಿಗಳು ಕೊಂಡರು. ಬದಿಯಡ್ಕದಲ್ಲಿ ಅಂಗಡಿ ಕೋಣೆಗಳ ಬಾಡಿಗೆ ವಸೂಲು ಮಾಡಿ ಮಾಡಿ ಸುಸ್ತಾದ ಜನ, ವಿಶ್ರಾಂತಿಗೆ ಒಂದು ಮನೆ ಬೇಕಾಗಿತ್ತು. ಜೇಸಿಬಿ ಬಂದು ಗುಡ್ಡೆ ಕಡಿಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಮಡಿಕೇರಿಗೆ ಹೊಸ ದಾರಿ ಆಗುತ್ತಿತ್ತು. ಮೇಲೆ ಎರಡು ಮಾಳಿಗೆ, ಕೆಳಗೆ ನೆಲದೊಳಗೆ ಸಿನೆಮಾ ನೋಡಲಿಕ್ಕೆ ಒಂದು ಅಂಡರ್‌ಗ್ರೌಂಡ್.

ಸುರಂಗದ ಬಾಯಿಯನ್ನು ಮರೆಮಾಡಿ ಅಂಡರ್‌ಗ್ರೌಂಡಿನ ಗೋಡೆ ಎದ್ದ ಮೇಲೆ ನಮ್ಮ ಟಾಂಕಿಗೆ ನೀರು ಬರಲಿಲ್ಲ. ಕೇಳಲಿಕ್ಕೆ ಹೋದೆವು. ಒಳಗೆ ಒರತೆ ಬತ್ತಿದೆ, ಜಾಗದ ದೈವ ಗುಳಿಗನಿಗೆ ಏನೋ ಕೋಪ ಬಂದಿರಬೇಕು ಎಂದರು ಧಣಿಗಳು. ಚೋಮಣ್ಣ ನಂಬಿದರು. ನಾವೆಲ್ಲ ನಂಬಿದೆವು. ಗುಳಿಗನಿಗೆ ಕೋಳಿ ಕೊಟ್ಟೆವು. ಧಣಿಗಳು ದೊಡ್ಡ ಮನಸ್ಸು ಮಾಡಿ ಕೋಳಿಯನ್ನು ತಾವೇ ತರಿಸಿಕೊಟ್ಟರು. ಗುಳಿಗ ಅದನ್ನು ಸ್ವೀಕರಿಸಿ ಸುಮ್ಮನಾದ. ಅವನಿಗೂ ವಿಷಯ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಇತ್ತ ಹೊರಗೆ ಹುಲ್ಲು ಸುಟ್ಟು ಬೂದಿ. ಅತ್ತ ಅಂಡರ್‌ಗ್ರೌಂಡಿನಲ್ಲಿ ಸೋಫಾ ತೇಲಲು ಶುರು. ಒಂದು ಏಡಿ ಸೋಫಾದಲ್ಲಿ ಕುಳಿತು ಟಿ.ವಿ. ನೋಡುತ್ತಿತ್ತು ಎಂದರೆ ಯಾರೂ ನಂಬುವುದಿಲ್ಲ. ರಿಮೋಟು ಅದರ ಹತ್ತಿರವೇ ಇತ್ತು, ಅಷ್ಟು ಮಾತ್ರ ನಾನು ಹೇಳಬಲ್ಲೆ.

ವಾಟರ್‌ಪ್ರೂಫ್ ಮಾಡುವ ವಿಜೇತ ಕಾಸರಗೋಡಿನಿಂದ ಬಂದ. ಕೆಲಸಕ್ಕೆ ಚೋಮಣ್ಣನನ್ನೂ ನನ್ನನ್ನೂ ಕರೆದರು. ದಿನದ ಕೂಲಿ, ಹೋದೆವು. ಒಳಗಿನಿಂದ ಕೆಮಿಕಲ್ ಬಳಿಯಬಹುದು, ಗೋಡೆಗೆ ತೂತು ಕೊರೆದು ಗಮ್ಮು ತುಂಬಬಹುದು, ಹೊರಗೆ ಮಣ್ಣು ಬಗೆದು ಗೋಡೆಗೆ ಕಪ್ಪು ಶೀಟು ಸುತ್ತಬಹುದು ಎಂದು ವಿಜೇತ ವಿವರಿಸಿದ. ಎಲ್ಲಕ್ಕಿಂತ ಸುಲಭ ಇನ್ನೊಂದು ಉಂಟು, ಗೋಡೆಯ ಹಿಂದೆ ನಿಂತ ನೀರನ್ನು ಬದಿಯಿಂದ ಕೆಳಗೆ ಬಿಟ್ಟರೆ ಆಯಿತು ಎಂದೂ ಹೇಳಿದ.

"ಕೆಳಗೆ ಅಂದ್ರೆ ಎಲ್ಲಿಗೆ?" ಎಂದರು ಧಣಿಗಳು.

ವಿಜೇತ ನಮ್ಮ ಐದು ಮನೆಗಳ ಕಡೆ ಕೈ ತೋರಿಸಿದ.

"ಅದು ಆಗ್ಲಿಕ್ಕಿಲ್ಲ. ಒಮ್ಮೆ ಬಿಟ್ರೆ ಮತ್ತೆ ಹಕ್ಕು ಅಂತ ಹೇಳ್ತಾರೆ. ಅಷ್ಟಕ್ಕೂ ಇದು ನೀರಲ್ಲ ಮಾರಾಯ, ಶೀತ."

ಶೀತ ಮೊಣಕಾಲಿನವರೆಗೆ ಇತ್ತು.

ಬಕೆಟಿನಲ್ಲಿ ಶೀತವನ್ನು ಹೊರಗೆ ಚೆಲ್ಲಿ ಕೆಮಿಕಲ್ ಬಳಿದೆವು. ಅದು ಹಪ್ಪಳದ ಹಾಗೆ ಉಬ್ಬಿ ಕಳಚಿತು. ಗಮ್ಮು ತುಂಬಿದೆವು. ನೀರು ಆ ಜಾಗ ಬಿಟ್ಟು ಸ್ವಿಚ್‌ಬೋರ್ಡಿನಿಂದ ಇಳಿಯಿತು. ಫ್ಯಾನು ಹಾಕಿದರೆ ಸಣ್ಣ ಮಳೆ. ಕೊನೆಗೆ ಹೊರಗೆ ಬಗೆಯುವುದೆಂದು ತೀರ್ಮಾನವಾಯಿತು.

ಗೋಡೆಯ ಹಿಂದೆ ಆಳಕ್ಕೆ ಹೋದಾಗ ಚೋಮಣ್ಣನ ಪಿಕ್ಕಾಸು ಯಾವುದಕ್ಕೋ ಬಡಿದು ನಿಂತಿತು. ಕಲ್ಲಲ್ಲ. ಕಾಂಕ್ರೀಟು ತುಂಬಿದ ಗೋಣಿಗಳು. ಒಂದರ ಮೇಲೊಂದು ಚಂದ ಮಾಡಿ ಒಟ್ಟಿದ್ದರು. ಒಂದನ್ನು ಎಬ್ಬಿಸಿದೊಡನೆ ತಣ್ಣಗಿನ ನೀರು ನಮ್ಮ ಕಾಲಿನ ಮೇಲೆ ಬಂತು. ಚೋಮಣ್ಣ ಬಗ್ಗಿ ಒಂದು ಬೊಗಸೆ ಕುಡಿದರು. ಚಪ್ಪಲಿ ಕಳಚಿ ಮೇಲೆ ಎಸೆದರು. ಸುರಂಗದ ಬಾಯಿಯಲ್ಲಿ ಅವರು ಯಾವತ್ತೂ ಚಪ್ಪಲಿ ಹಾಕಿದವರಲ್ಲ.

ಧಣಿಗಳು ಮೇಲಿನಿಂದ ಇಣುಕಿದರು. ಗಾಬರಿಯೇನೂ ಆಗಲಿಲ್ಲ.

"ಅದನ್ನು ಸರಿಯಾಗಿ ಪ್ಯಾಕ್ ಮಾಡಿ ಬಿಡು ಚೋಮ. ತೋಡಿದವನು ನೀನೇ ಅಲ್ವಾ, ಮುಚ್ಚಲಿಕ್ಕೂ ನಿನಗೇ ಗೊತ್ತುಂಟು."

"ಗುಳಿಗನಿಗೆ ಕೋಪ ಅಂತ ಹೇಳಿದ್ರಿ ಧಣಿಗಳೇ."

"ಅದು ಆಗ."

ಚೋಮಣ್ಣ ಉಳಿದ ಗೋಣಿಗಳನ್ನೂ ಎಬ್ಬಿಸಿದರು. ಅಲ್ಲಿಂದ ಮನೆಯ ಬದಿಗೆ, ಧಣಿಗಳ ಕೊರಿಯನ್ ಹುಲ್ಲಿನ ನಡುವೆ ನೀರು ಹರಿಯಲಿಕ್ಕೆ ಕಣಿ ಕಡಿಯಲು ಶುರು ಮಾಡಿದರು. ನಾನೂ ಗುದ್ದಲಿ ಹಿಡಿದೆ. ಧಣಿಗಳು ಬೈದರು, ಫೋನು ಮಾಡಿದರು, ಮತ್ತೂ ಬೈದರು. ನೀರು ನಮ್ಮ ಹಿಂದೆಯೇ ಬರುತ್ತಿತ್ತು. ಕತ್ತಲಾಗುವ ಮೊದಲು ಟಾಂಕಿಗೆ ಬಿತ್ತು.

ಮರುದಿನ ಪೊಲೀಸಿನವರು ಬಂದರು. ಚೋಮಣ್ಣ ಕೈಕಟ್ಟಿ ನಿಂತರು.

"ಅಂಡರ್‌ಗ್ರೌಂಡಿಗೆ ನೀರು ಬಾರದ ಹಾಗೆ ಮಾಡ್ಲಿಕ್ಕೆ ಹೇಳಿದ್ರು ಸಾರ್. ಮಾಡಿದೆವು. ಬೇಕಾದ್ರೆ ಇಳಿದು ನೋಡಿ."

ಪೊಲೀಸಿನವರು ಇಳಿದು ನೆಲ ಮುಟ್ಟಿ ನೋಡಿದರು. ಒಣಗಿತ್ತು. ವಿಜೇತನೂ ಮುಟ್ಟಿ ನೋಡಿ, ಇಷ್ಟು ಒಳ್ಳೆಯ ರಿಸಲ್ಟು ತಾನು ಎಲ್ಲಿಯೂ ಕಂಡಿಲ್ಲ ಎಂದ.

"ಹಾಗಾದ್ರೆ ನಿಮ್ಮ ಕಂಪ್ಲೇಂಟ್ ಎಂತ?" ಎಂದು ಪೊಲೀಸಿನವರು ಧಣಿಗಳನ್ನು ಕೇಳಿದರು.

ಧಣಿಗಳು ನಮ್ಮ ಮನೆಗಳ ಕಡೆ ಬೆರಳು ತೋರಿಸಿದರು. "ನೀರು ಅವರಿಗೆ ಹೋಗ್ತಾ ಉಂಟು," ಎಂದರು.

ಪೊಲೀಸಿನವರು ಒಳಗೆ ಹೋಗಿ ಚಹಾ ಕುಡಿದರು. ಹೊರಗೆ ಬಂದು, ಪಂಚಾಯತಿನಲ್ಲಿ ತೀರ್ಮಾನ ಆಗುವ ತನಕ ಕಣಿ ಮುಚ್ಚಬೇಕು ಎಂದರು. ಯಾರು ಮುಚ್ಚಬೇಕೆಂದು ಹೇಳದೆ ಜೀಪು ಹತ್ತಿದರು.

ಧಣಿಗಳು ಚೋಮಣ್ಣನನ್ನು ನೋಡಿದರು. ನನ್ನನ್ನು ನೋಡಿದರು. ವಿಜೇತನನ್ನು ನೋಡಿದರು. ವಿಜೇತ ಮೊಬೈಲು ನೋಡಿದ. ಬೇರೆ ದಾರಿ ಕಾಣದೆ ಧಣಿಗಳು ತಾವೇ ಗುದ್ದಲಿ ಎತ್ತಿಕೊಂಡು ಕಣಿಯ ಹತ್ತಿರ ಬಂದರು.

ಕಣಿಯೊಳಗೆ ಕಿನ್ನಿಯಕ್ಕ ಕುಳಿತಿದ್ದರು. ಅವರ ಕೆಳಗೆ ಸೊಸೆ, ಸೊಸೆಯ ಕೆಳಗೆ ಪಕ್ಕದ ಮನೆಯ ಹೆಂಗಸರು. ಹೀಗೆ ಟಾಂಕಿಯವರೆಗೂ ಐದು ಮನೆಯವರು ಸಾಲಾಗಿ ನೀರಿನಲ್ಲಿ ಕುಳಿತಿದ್ದರು. ನೀರು ಅವರನ್ನು ಸುತ್ತಿ ಬಳಸಿ ಇಳಿಯುತ್ತಿತ್ತು.

"ಮಣ್ಣು ಹಾಕಿ ಧಣಿಗಳೇ," ಎಂದರು ಕಿನ್ನಿಯಕ್ಕ. "ನನ್ನಿಂದಲೇ ಶುರು ಮಾಡಿ."