ಪೆಡಲಿಗೆ ಅಂಟಿದ ಚಪ್ಪಲಿ

ಟೈರು ಬಿಚ್ಚುವ ಯಂತ್ರ ಕೊಳ್ಳಲು ಹೊರಟ ಬೆಳಗ್ಗೆ ಅವಳ ತಲೆಯ ತುಂಬ ಕೂತಿದ್ದವನು ಭಾವ. ಗಂಡನ ಒಡಹುಟ್ಟಿದ ಅಣ್ಣ, ಬೀದಿಯ ತುದಿಯಲ್ಲಿರುವ ದೊಡ್ಡ ಟೈರಂಗಡಿಯ ಯಜಮಾನ. ಎದುರಿಗೆ ಸಿಕ್ಕರೆ ಬಹುವಚನ, ಮನಸ್ಸಿನೊಳಗೆ ಏಕವಚನ. ಅದೂ ಅವನ ಯೋಗ್ಯತೆಗೆ ಹೆಚ್ಚಾಯಿತು ಎಂದೇ ಅವಳ ಅಭಿಪ್ರಾಯ.

ಕಾರಣವಿತ್ತು. ಅವಳ ಗಂಡ ಆ ಅಂಗಡಿಯಲ್ಲಿ ಅಣ್ಣನಿಗೆ ಬೆನ್ನೆಲುಬಾಗಿ ದುಡಿದವನು. ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಟೈರಿನ ಅಂಚನ್ನು ಒತ್ತಿ ರಿಮ್ಮಿನಿಂದ ಬಿಡಿಸುವ ಕಬ್ಬಿಣದ ಸಲಿಕೆಗೆ ಅವನ ಬಲಗೈ ಸಿಕ್ಕಿಕೊಂಡಿತು. ಪೆಡಲಿನಿಂದ ಕಾಲು ತೆಗೆದರೆ ಹಿಂದೆ ಸರಿಯಬೇಕಾದ ಸಲಿಕೆ ಮುಂದಕ್ಕೇ ಬಂತು ಎಂದು ಅವನು ಆಸ್ಪತ್ರೆಯ ಮಂಚದ ಮೇಲೆ ಹೇಳಿದ. ಭಾವ ಹೊರಗಿನ ಬೆಂಚಿನಲ್ಲಿ ಕೂತು ಬಂದವರಿಗೆಲ್ಲ ಬೇರೆಯದೇ ಹೇಳಿದ: "ಯಂತ್ರ ಗಟ್ಟಿಯಾಗೇ ಇದೆ ಕಣ್ರೀ. ಇವನು ತೂಕಡಿಸ್ತಾ ಪೆಡಲ್ ತುಳಿದುಬಿಟ್ಟ."

ಎರಡು ಬೆರಳು ಹೋದವು. ಅವುಗಳ ಹಿಂದೆಯೇ ಹೆಸರೂ ಹೋಯಿತು. ಮೇಸ್ತ್ರಿ 'ತೂಕಡಿಕೆ' ಆದ. ತೂಕಡಿಕೆಯ ಕೈಗೆ ಚಕ್ರ ಕೊಟ್ಟು ನಡುದಾರಿಯಲ್ಲಿ ಪ್ರಾಣ ಕಳೆದುಕೊಳ್ಳುವುದು ಯಾರಿಗೆ ಬೇಕಾಗಿದೆ? ಯಾವ ಗ್ಯಾರೇಜೂ ಅವನನ್ನು ಸೇರಿಸಿಕೊಳ್ಳಲಿಲ್ಲ.

"ಮನೆ ಮುಂದಿನ ಷೆಡ್ಡಲ್ಲೇ ಶುರು ಮಾಡೋಣ" ಎಂದವಳು ಅವಳೇ. ಷೆಡ್ಡಿನ ಬಾಗಿಲು ತೆರೆದರೆ ಭಾವನ ಅಂಗಡಿಯ ಬೋರ್ಡು ಕಾಣುತ್ತದೆ. ಅವನು ದಿನಾ ಷಟರ್ ಎತ್ತುವಾಗ ತಮ್ಮನ ಮನೆ ಮುಂದೆ ಸಾಲುಗಟ್ಟಿದ ಗಾಡಿಗಳನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು ಅನ್ನುವುದು ಅವಳ ಆಸೆ. ಆದರೆ ಗಂಡನ ಹೆಸರಿಗೆ ಹತ್ತಿದ ಮಸಿ ತೊಳೆಯದೆ ಒಂದು ಸ್ಕೂಟರ್ ಕೂಡ ಆ ಕಡೆ ತಿರುಗುವುದಿಲ್ಲ ಅನ್ನುವುದೂ ಅವಳಿಗೆ ಗೊತ್ತಿತ್ತು.

ಗ್ಯಾರೇಜಿನ ಯಂತ್ರಗಳನ್ನು ಮಾರುವವನಿಗೆ ರೇಡಿಯೋ ಎಂದು ಹೆಸರು. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಎಲ್ಲ ಗ್ಯಾರೇಜುಗಳಿಗೂ ತಲುಪುತ್ತಿತ್ತು. 'ತೂಕಡಿಕೆ' ಅನ್ನುವ ಬಿರುದನ್ನು ಮನೆಮನೆಗೆ ಹಂಚಿದ ಪುಣ್ಯಾತ್ಮನೂ ಅವನೇ. ಅವನ ಗೋದಾಮಿನಲ್ಲಿ ಹೊಸ ಯಂತ್ರ, ಹಳೆಯ ಯಂತ್ರ, ಗ್ರೀಸು, ಧೂಳು, ನಡುವೆ ಒಂದು ಸ್ಟೂಲು.

"ಮನೆ ಕರೆಂಟಲ್ಲಿ ಓಡೋದು ಬೇಕು" ಎಂದ ಗಂಡ. "ಜಾಗ ಕಮ್ಮಿ. ಕಂಬ ಹಿಂದಕ್ಕೆ ವಾಲೋ ಥರದ್ದು ಬೇಡ, ಗೋಡೆಗೆ ಹೊಡೆಯತ್ತೆ. ತೋಳು ಪಕ್ಕಕ್ಕೆ ತಿರುಗಿದ್ರೆ ಸಾಕು."

"ಟೈರ್ ಅದುಮಿ ಹಿಡಿಯೋಕೆ ಇನ್ನೊಂದು ತೋಳು ಇರಲೇಬೇಕು" ಎಂದು ಅವಳು ಸೇರಿಸಿದಳು. "ಇವರ ಕೈಗೆ ಅಷ್ಟು ಬಲ ಬೀಳಬಾರದು."

ಮೊದಲು, ಚಕ್ರದ ಯಾವ ಕಡೆ ತೂಕ ಹೆಚ್ಚು ಕಡಿಮೆ ಎಂದು ತೋರಿಸುವ ಬ್ಯಾಲೆನ್ಸರ್; ಷೆಡ್ಡಿಗೆ ಅದೂ ಬೇಕಿತ್ತು. ಗಂಡ ಒಂದು ಚಕ್ರ ಸಿಕ್ಕಿಸಿ ತಿರುಗಿಸಿದ. ಯಂತ್ರ ತೋರಿಸಿದ ಕಡೆ ಸೀಮೆಸುಣ್ಣದ ಗೆರೆ ಎಳೆದ. ಚಕ್ರ ಬಿಚ್ಚಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಸಿಕ್ಕಿಸಿದ. ಈಗ ಯಂತ್ರ ಬೇರೆ ಜಾಗ ತೋರಿಸಿತು.

"ಇದು ಸುಳ್ಳು ಹೇಳತ್ತೆ" ಎಂದು ಪಕ್ಕದ್ದಕ್ಕೆ ಹೋದ. ಅದಕ್ಕೆ ಮೋಟರಿಲ್ಲ, ಕೈಯಲ್ಲೇ ತಿರುಗಿಸಬೇಕು. ಆದರೆ ಎಷ್ಟು ಸಲ ಬಿಚ್ಚಿ ಹಾಕಿದರೂ ಅದು ಅದೇ ಗೆರೆಗೆ ಬಂದು ನಿಂತಿತು. "ಇದು ಇರಲಿ."

ಸುಳ್ಳು ಹೇಳುವ ಯಂತ್ರವನ್ನು ಇಷ್ಟು ಸಲೀಸಾಗಿ ಹಿಡಿಯಬಹುದಾದರೆ, ಸುಳ್ಳು ಹೇಳುವ ಅಣ್ಣನನ್ನು ಹಿಡಿಯಲು ಏನಾದರೂ ಉಪಾಯ ಇರಬೇಡವೇ ಎಂದುಕೊಂಡಳು ಅವಳು.

ರೇಡಿಯೋ ಅವರನ್ನು ಮೂಲೆಗೆ ಕರೆದೊಯ್ದ. "ಟೈರ್ ಬಿಚ್ಚೋಕೆ ಇದು ನೋಡಿ ಅಕ್ಕ. ಹೆಚ್ಚು ಓಡಿಲ್ಲ. ನೀವು ಕೇಳಿದ್ದೆಲ್ಲ ಇದರಲ್ಲಿದೆ." ಮೈತುಂಬ ಹೊಸ ನೀಲಿ ಬಣ್ಣ ಬಳಿದುಕೊಂಡು ಯಂತ್ರ ಮಿರಮಿರ ಹೊಳೆಯುತ್ತಿತ್ತು.

ಗಂಡ ಬಗ್ಗಿದವನು ಹಾಗೇ ನಿಂತುಬಿಟ್ಟ. ಅವನು ನೋಡುತ್ತಿದ್ದ ಕಡೆ ಅವಳೂ ನೋಡಿದಳು. ಸಲಿಕೆಯ ಪೆಡಲಿನ ಮೇಲೆ, ನೀಲಿ ಬಣ್ಣದ ಅಡಿಯಲ್ಲಿ, ಸಣ್ಣ ಸಣ್ಣ ಹೂವುಗಳ ಅಚ್ಚು. ಅವಳದೇ ಹಳೆಯ ಚಪ್ಪಲಿಯ ಅಟ್ಟೆ! ಎಣ್ಣೆಗೆ ಕಾಲು ಜಾರುತ್ತದೆ ಎಂದು ಅವನೇ ಅದನ್ನು ಕತ್ತರಿಸಿ ಅಣ್ಣನ ಅಂಗಡಿಯಲ್ಲಿ ಈ ಪೆಡಲಿಗೆ ಅಂಟಿಸಿದ್ದ. "ಇನ್ಮೇಲೆ ದಿನವಿಡೀ ನಿನ್ನ ಚಪ್ಪಲಿ ಮೇಲೆ ನಿಂತೇ ದುಡೀಬೇಕು" ಎಂದು ಆವತ್ತು ನಗಿಸಿದ್ದ ಕೂಡ.

ಯಂತ್ರದ ಪಕ್ಕಕ್ಕೆ ದಾರದಿಂದ ಒಂದು ಮರದ ತುಂಡು ಕಟ್ಟಿತ್ತು.

"ಅದೇನು?"

"ಯಜಮಾನ್ರು ಜೊತೆಗೇ ಕಳಿಸಿದಾರೆ. ಯಾಕೋ ಗೊತ್ತಿಲ್ಲಪ್ಪ" ಎಂದ ರೇಡಿಯೋ.

"ನನ್ನ ಕಾಲದಲ್ಲಿ ಇದು ಇರಲಿಲ್ಲ" ಎಂದು ಗಂಡ ಅವಳ ಕಿವಿಯಲ್ಲಿ ಹೇಳಿದ. "ಬಾ, ಹೋಗೋಣ."

ಅವಳು ಹೋಗಲಿಲ್ಲ. ಎರಡು ವರ್ಷ ಒಳಗೇ ಕುದಿದ ಸಿಟ್ಟು ಈಗ ತಣ್ಣಗೆ ತಲೆಗೇರಿ ಕೂತು, ಮುಂದಿನದನ್ನು ಯೋಚಿಸತೊಡಗಿತ್ತು.

"ಇದರ ಯಜಮಾನರನ್ನ ಕರೆಸಿ. ಅವರೇ ಬಂದು ಓಡಿಸಿ ತೋರಿಸಲಿ, ಆಮೇಲೆ ಮಾತು. ಯಾರು ಬಂದಿದಾರೆ ಅಂತ ಮಾತ್ರ ಹೇಳಬೇಡಿ."

ರೇಡಿಯೋ ಗಂಡನ ಕೈ ನೋಡಿದ, ಯಂತ್ರ ನೋಡಿದ, ಅವಳ ಮುಖ ನೋಡಿದ. ಅವನಿಗೇನು, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕೂಡಲೇ ಫೋನು ಮಾಡಿದ.

ಭಾವ ಬರುವಾಗ ಗಂಡ ಹೆಂಡತಿ ಟೈರಿನ ರಾಶಿಯ ಹಿಂದೆ ನಿಂತಿದ್ದರು. "ಪಾರ್ಟಿ ಈಗ ಬರ್ತಾರೆ, ಅಷ್ಟರಲ್ಲಿ ಒಂದು ಸಲ ಓಡಿಸಿಬಿಡಿ" ಎಂದ ರೇಡಿಯೋ, ನಾಟಕದವರನ್ನು ಮೀರಿಸುವ ಹಾಗೆ.

"ಏನು ನೋಡ್ತೀಯೋ, ಬೆಣ್ಣೆ ಥರ ಓಡತ್ತೆ" ಎನ್ನುತ್ತ ಭಾವ ಒಂದು ಚಕ್ರ ಎಳೆದು ಯಂತ್ರದ ಮಗ್ಗುಲಿಗೆ ಒರಗಿಸಿದ. ಗಾಳಿ ಬಿಟ್ಟ. ದಾರ ಬಿಚ್ಚಿ, ಸಲಿಕೆ ಮುಂದೆ ಬರದ ಹಾಗೆ ಆ ಮರದ ತುಂಡನ್ನು ಅದರ ತೋಳಿಗೂ ಯಂತ್ರದ ಮೈಗೂ ನಡುವೆ ಅಡ್ಡ ಕೊಟ್ಟ. ಯಾರೂ ಹೇಳಲಿಲ್ಲ, ಕೇಳಲಿಲ್ಲ. ಅವನ ಕೈ ತನ್ನಷ್ಟಕ್ಕೆ ಆ ಕೆಲಸ ಮಾಡಿತು. ಆಮೇಲೆ ಚಕ್ರ ಸರಿಪಡಿಸಲು ಕೈ ಒಳಗಿಟ್ಟ.

ಅವಳು ಮುಂದೆ ಬಂದಳು. ಪೆಡಲಿನ ಮೇಲೆ ಕಾಲಿಟ್ಟಳು, ತುಳಿಯಲಿಲ್ಲ.

"ಆ ಮರ ಯಾಕೆ ಭಾವ?"

ಬಿಸಿನೀರು ಬಿದ್ದವನ ಹಾಗೆ ಅವನು ಕೈ ಕಿತ್ತುಕೊಂಡ. "ನೀನಾ? ನೀನ್ಯಾಕೆ ಇಲ್ಲಿ?"

"ಮರ ತೆಗೀರಿ. ಕೈ ಅಲ್ಲೇ ಇಡಿ. ಗಟ್ಟಿ ಯಂತ್ರ ಅಲ್ವಾ? ನಾನೇನೂ ತೂಕಡಿಸ್ತಿಲ್ಲ, ಎಚ್ಚರವಾಗೇ ಇದೀನಿ."

"ತಲೆ ಕೆಟ್ಟಿದೆಯಾ ನಿನಗೆ? ಅದು ಅಂಟಿಕೊಂಡ್ರೆ ಕೈ ಹೋಗತ್ತೆ!"

ಹೇಳಿದ ಮೇಲೆ ಅವನಿಗೂ ಕೇಳಿಸಿತು. ರೇಡಿಯೋಗಂತೂ ಮೊದಲೇ ಕೇಳಿಸಿತ್ತು.

"ಯಾವುದು ಅಂಟಿಕೊಂಡ್ರೆ?" ಎಂದಳು ಅವಳು.

"ಪೆಡಲು... ಅದರ ವಾಲ್ವು. ಕಾಲು ತೆಗೆದ್ರೂ ಒಮ್ಮೊಮ್ಮೆ ಬಿಡಲ್ಲ. ಬದಲಾಯಿಸ್ಬೇಕು ಅಂತಾನೇ ಇದ್ದೆ ಕಣಮ್ಮ, ಅಷ್ಟರೊಳಗೆ ಅವನು ಕೈ ಒಳಗಿಟ್ಟುಬಿಟ್ಟ."

"ಅಂದ್ರೆ ಮೊದಲೇ ಗೊತ್ತಿತ್ತು."

ಟೈರಿನ ರಾಶಿಯ ಹಿಂದಿನಿಂದ ಗಂಡ ಒಂದು ಹೆಜ್ಜೆ ಮುಂದೆ ಬಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ನಾನೇ ತೂಕಡಿಸಿದ್ನೇನೋ ಅಂತ ನಂಬಿಬಿಟ್ಟಿದ್ದೆ ಅಣ್ಣಾ. ಎಲ್ಲರೂ ಹಾಗೇ ಅಂತಿದ್ರಲ್ಲ."

ಈ ಮಾತನ್ನು ಅವನು ಅವಳಿಗೂ ಹೇಳಿರಲಿಲ್ಲ. ಅವಳ ಕಾಲು ಇನ್ನೂ ಪೆಡಲಿನ ಮೇಲೇ ಇತ್ತು. ಎಷ್ಟೋ ಸಲ ಒಲೆಯ ಮುಂದೆ ನಿಂತು ಭಾವನ ಕೈಯನ್ನು ಆ ಸಲಿಕೆಗೆ ಕೊಟ್ಟು ಮನಸ್ಸಿನಲ್ಲೇ ತುಳಿದಿದ್ದಳು. ಈ ಗಳಿಗೆ ಅವನ ಕೈ ಒಳಗಿದ್ದಿದ್ದರೆ ತುಳಿದೇಬಿಡುತ್ತಿದ್ದಳು. ಕೈ ಹೊರಗಿತ್ತು, ಅದು ಅವನ ಪುಣ್ಯ.

ರೇಡಿಯೋ ಗಂಟಲು ಸರಿಮಾಡಿಕೊಂಡ. "ಮೇಸ್ತ್ರಿ, ಆ ಬ್ಯಾಲೆನ್ಸರ್‌ನ ಗಾಡಿಗೆ ಏರಿಸ್ಲಾ?"

ಮೇಸ್ತ್ರಿ! ಸಂಜೆಯೊಳಗೆ ಎಲ್ಲ ಕಡೆಗೂ ತಲುಪುತ್ತದೆ ಎಂದುಕೊಂಡಳು.

"ಏರಿಸಿ" ಎಂದು ಅವಳೇ ಉತ್ತರ ಕೊಟ್ಟಳು. "ಟೈರ್ ಬಿಚ್ಚೋದು ಹೊಸದೇ ಕೊಡಿ. ಈ ಪೀಡೆ ಬೇಡ."

ಭಾವ ಬಾಗಿಲ ಕಡೆ ತಿರುಗಿದ್ದ.

"ನಿಂತ್ಕೊಳ್ಳಿ ಭಾವ. ಪೆಡಲ್ ಮೇಲಿರೋದು ನನ್ನ ಚಪ್ಪಲಿ. ಬಿಡಿಸಿಕೊಟ್ಟು ಹೋಗಿ."

ಅವಳು ಕಾಲು ತೆಗೆದು ಪಕ್ಕಕ್ಕೆ ಸರಿದಳು. ಭಾವ ತಮ್ಮನ ಮುಖ ನೋಡಿದ. ತಮ್ಮ ಗೋಡೆ ನೋಡುತ್ತಿದ್ದ. ರೇಡಿಯೋನ ಮುಖ ನೋಡಿದ. ಅವನು ಕಣ್ಣು ಮಿಟುಕಿಸದೆ ನಿಂತಿದ್ದ. ಹಾಗೇ ಹೋದರೆ ಇನ್ನೇನೇನು ಸುದ್ದಿಯಾಗುತ್ತದೋ ಎಂದು ಭಾವನಿಗೆ ಹೊಳೆದಿರಬೇಕು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಗ್ರೀಸಿನ ನೆಲಕ್ಕೆ ಮಂಡಿಯೂರಿ, ಅಟ್ಟೆಯ ಅಂಚಿಗೆ ಉಗುರು ಹಾಕಿದ. ನೀಲಿ ಬಣ್ಣ ಚಕ್ಕೆಚಕ್ಕೆಯಾಗಿ ಉದುರಿತು. ಅಟ್ಟೆ ಅಲ್ಲಾಡಲಿಲ್ಲ.

ಮೇಸ್ತ್ರಿ ಅಂಟಿಸಿದ್ದು, ಅಷ್ಟು ಸುಲಭಕ್ಕೆ ಬರುವುದಲ್ಲ. ಅವಳಿಗೇನೂ ಅವಸರವಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು.