ತಣ್ಣಗಿನ ಪೈಪು

"ಬೀಗ ಹಾಕಿದ್ದು ಹಾಕಿದಂಗೇ ಐತಲ್ರಿ ಸಾವ್ಕಾರ್ರ!" ಎಂದಳು ಕಾವೇರಿ.

ವಾಲ್ವಿಗೆ ಬೀಗವೇನೋ ಇತ್ತು. ಅದರಾಚೆ ಪೈಪಿನ ಮೇಲಿದ್ದ ಮೀಟರಿನಲ್ಲಿ ಮಾತ್ರ ಅಂಕಿಗಳು ಓಡುತ್ತಲೇ ಇದ್ದವು. ಸಿರುಗುಪ್ಪದ ಆ ಅಕ್ಕಿ ಗಿರಣಿಯಿಂದ ಪಕ್ಕದ ಗಿರಣಿಗೆ ಉಗಿ ಹೋಗುವ ಪೈಪು ಅದು. ಮಾಲೀಕರಿಬ್ಬರಿಗೂ ಜಗಳವಾಗಿ ಉಗಿ ಕೊಡುವುದು ನಿಂತಿತ್ತು. ಕೀಲಿ ಇದ್ದದ್ದು ಬಾಯ್ಲರ್ ನೋಡಿಕೊಳ್ಳುವ ಕಾವೇರಿಯ ಸೊಂಟದಲ್ಲಿ. ಹಾಗಾಗಿ ಮಾಲೀಕ ದೊಡ್ಡಬಸಪ್ಪ ಕಳ್ಳರನ್ನು ಬೇರೆಲ್ಲೂ ಹುಡುಕುವ ತೊಂದರೆ ತೆಗೆದುಕೊಳ್ಳಲಿಲ್ಲ.

"ಉಗಿ ಹೋಗದಿದ್ರ ಮೀಟರ್ ಯಾಕ ಓಡ್ತೈತಿ?"

"ಅದು ಸುಳಿ ಎಣಸ್ತೈತ್ರಿ. ಪೈಪಿನೊಳಗ ಅಡ್ಡ ಒಂದು ಕಂಬಿ ಐತಿ. ಕೆಂಚನಗುಡ್ಡದ ಹೊಳ್ಯಾಗ ನೀರು ಕಲ್ಲಿಗೆ ಬಡದು ಒಮ್ಮೆ ಎಡಕ್ಕ, ಒಮ್ಮೆ ಬಲಕ್ಕ ಸುಳಿ ಬಿಡಂಗಿಲ್ಲೇನ್ರಿ? ಹಂಗ. ಜೋರು ಹೋದಷ್ಟೂ ಸುಳಿ ಜಾಸ್ತಿ, ಅದರ ನಡುಕ ಮೀಟರ್ ಎಣಸ್ತೈತಿ. ಈಗ ಪೈಪು ಹಿಡಿಯೋ ಕ್ಲಾಂಪ್ ಸಡ್ಲಾಗಿ, ಬಾಯ್ಲರಿಗೆ ಗಾಳಿ ಊದೋ ಬ್ಲೋವರ್ ಹೊಡತಕ್ಕ ಪೈಪೇ ನಡಗಾಕ ಹತ್ತೈತಿ. ಅದನ್ನೂ ಸುಳಿ ಅಂತ ತಿಳ್ಕೊಂಡೈತಿ. ಪಂಪಣ್ಣ ಮಾವನ್ನ ಕೇಳ್ರಿ, ಅವ್ರ ಕಲಿಸಿದ್ದು."

ಪಕ್ಕದಲ್ಲೇ ನಿಂತಿದ್ದ ಪಂಪಣ್ಣ ಗಿರಣಿಯ ಹಳೆಯ ಮೆಕ್ಯಾನಿಕ್. ಸ್ವಂತ ಮಾವನಲ್ಲ, ಅದಕ್ಕಿಂತ ಹೆಚ್ಚು. ಹೆಣ್ಣಿಗ್ಯಾಕೆ ಬಾಯ್ಲರ್ ಎಂದು ಗಂಡಸರು ಹಲ್ಲು ಕಿಸಿದಾಗ ಅವಳ ಬೆನ್ನಿಗೆ ನಿಂತವನು. ನಿನ್ನೆ ರಿಪೇರಿಗೆಂದು ಕ್ಲಾಂಪ್ ಬಿಚ್ಚಿದವನೂ ಅವನೇ. ಮತ್ತೆ ಬಿಗಿದಿದ್ದೇನೆ ಎಂದು ಮಾಲೀಕನಿಗೆ ವರದಿಯನ್ನೂ ಒಪ್ಪಿಸಿದ್ದ.

"ಹೌದೇನೋ ಪಂಪಣ್ಣ?"

ಮರೆತೆ ಎಂದಿದ್ದರೆ ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತು. ಪಂಪಣ್ಣ ಕ್ಲಾಂಪಿನ ಕಡೆ ಕಣ್ಣು ಹಾಯಿಸಲಿಲ್ಲ. ಹೊದಿಕೆ ಬಿಚ್ಚಿದ್ದ ಪೈಪಿನ ಮೇಲೆ ಅಂಗೈ ಇಟ್ಟ.

"ಕ್ಲಾಂಪ್ ನಾನ ಬಿಗದೀನ್ರಿ. ಪೈಪು ಬಿಸಿ ಐತಿ. ಉಗಿ ಹೊಂಟೈತ್ರಿ."

ಕಾವೇರಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ದೊಡ್ಡಬಸಪ್ಪ ತಾನೂ ಕೈ ಚಾಚಿದ.

"ಮುಟ್ಟಬ್ಯಾಡ್ರಿ ಸಾವ್ಕಾರ್ರ, ಬೊಬ್ಬಿ ಏಳ್ತಾವ!" ಪಂಪಣ್ಣ ಇನ್ನೊಂದು ಕೈಯಿಂದ ಅವನನ್ನು ತಡೆದ.

ಕಾವೇರಿ ಮುನ್ನುಗ್ಗಿ ಎರಡೂ ಕೈಗಳಿಂದ ಪೈಪನ್ನು ಬಿಗಿಯಾಗಿ ಹಿಡಿದಳು. "ನೋಡ್ರಿ! ತಣ್ಣಗೈತಿ!"

"ದಿನಾ ಬೆಂಕಿ ಮುಂದ ನಿಲ್ಲೋರ ಕೈಗೆ ಬಿಸಿ ಎಲ್ಲಿ ಹತ್ತಬೇಕು? ಕೀಲಿ ಇಟ್ಟು ಮನಿಗೆ ನಡಿ. ನಾಳಿಂದ ಬರಬ್ಯಾಡ." ದೊಡ್ಡಬಸಪ್ಪ ತಿರುಗಿ ಆಫೀಸಿನ ಕಡೆ ಹೊರಟ.

ಬೆನ್ನು ತಟ್ಟಿದವನೇ ಕುತ್ತಿಗೆ ಕೊಯ್ದಿದ್ದ. ಕಾವೇರಿ ಕೀಲಿ ಬಿಚ್ಚಿ ನೆಲದ ಮೇಲಿಟ್ಟಳು.

"ಮಾವ," ಎಂದಳು.

ಪಂಪಣ್ಣ ತಲೆ ಎತ್ತಲಿಲ್ಲ. ಅವನ ಅಂಗೈ ಇನ್ನೂ ಪೈಪಿನ ಮೇಲೆಯೇ ಇತ್ತು.